ಎಡಗಡೆಯ ಕಡಲು

ಹಮ್ರಿಯಾ, ಮಸ್ಕತ್
೨೦ ನವೆಂಬರ್ ೧೯೮೬, ಗುರುವಾರ

ಪ್ರೀತಿಯ ಭವ್ಯಳ ಅಪ್ಪನಿಗೆ ಮೋಹಿನಿಯ ನಮಸ್ಕಾರ.

ಹೇಗಿದ್ದೀರಿ? ಸೈಕಲ್ ತುಳಿದು ತುಳಿದು ಮೊಣಕಾಲು ಊದಿಕೊಂಡಿಲ್ಲ ತಾನೆ? ಬ್ಯಾಗಿನಲ್ಲಿ ನೋವಿನೆಣ್ಣೆ ಇಟ್ಟಿದ್ದೇನೆ, ಹಚ್ಚಿಕೊಳ್ಳಿ. ನಾನೂ ಭವ್ಯಳೂ ಆರೋಗ್ಯ. ಪಕ್ಕದ ಫ್ಲಾಟಿನ ಹೊನ್ನವ್ವನವರು ಗಂಟುಮೂಟೆ ಕಟ್ಟಿ ಧಾರವಾಡಕ್ಕೆ ಹೊರಟುಹೋದರು. ಕಚ್ಚಾ ಎಣ್ಣೆಯ ಬೆಲೆ ಬಿದ್ದ ಮೇಲೆ ನಮ್ಮ ಮೆಟ್ಟಿಲಲ್ಲಿ ಪೆಟ್ಟಿಗೆಗಳು ಇಳಿಯುವುದೇ ಕಾಣುತ್ತದೆ. ನಿಮ್ಮ ಆಫೀಸಿನವರು ಮಾತ್ರ ಎಲ್ಲರಿಗೂ ರಜೆ ಕೊಟ್ಟು, ಕಡಲತೀರ ನೋಡಿಕೊಂಡು ಬನ್ನಿ ಎಂದರಂತೆ! ಎಂಥ ಪುಣ್ಯಾತ್ಮರು.

ಕಡಲ ದಂಡೆ ಹಿಡಿದು ಸೊಹಾರ್ ಪಟ್ಟಣದವರೆಗೆ ಸೈಕಲ್ಲಿನಲ್ಲಿ ಹೋಗುತ್ತೇನೆಂದಾಗ ನಾನು ನಂಬಿಬಿಟ್ಟೆ. ಮದುವೆಗೆ ಮುಂಚೆ ಮಂಗಳೂರಿನಿಂದ ಕಾರವಾರಕ್ಕೆ ತುಳಿದವರಲ್ಲವೇ ನೀವು. ಹ್ಯಾಂಡಲಿಗೆ ಕಟೀಲಿನ ಕೆಂಪು ನೂಲು ಕಟ್ಟಿ, ಚಕ್ರದಡಿ ನಿಂಬೆಹಣ್ಣು ಇಟ್ಟು ಕಳಿಸಿದೆ. ಆಮೇಲೆ ಸೊಹಾರಿಗೆ ಸಾಮಾನು ಒಯ್ಯುವ ವ್ಯಾನಿನ ಮಮ್ಮದ್ ನಿಮ್ಮ ಚೀಟಿ ತಂದುಕೊಟ್ಟ. ದಾರಿಯ ಬರ್ಕಾ ಊರು ದಾಟಿದರೆ ಗಾಳಿಮರದ ಕಾಡು, ಎಡಗಡೆ ಕಡಲು, ಊರೂರಿಗೂ ದೋಣಿಗಳ ಸಾಲು ಎಂದು ಬರೆದಿದ್ದಿರಿ. ಭವ್ಯ ಶಾಲೆಯ ಅಟ್ಲಾಸ್ ಬಿಡಿಸಿ, “ಮಮ್ಮಿ, ಸೀ ಈಸ್ ಆನ್ ದ ರೈಟ್” ಎಂದಳು. ದಿನವೂ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್‌ಗೆ ಎಡಬಲ ತಪ್ಪುವುದುಂಟೇ? ಕಡಲು ಎಡಗಡೆ ಸಿಗುವುದು ಕಾರವಾರಕ್ಕೆ ಹೋಗುವಾಗ. ಮದುವೆಯಾದ ಹೊಸತರಲ್ಲಿ ನೀವು ಹೇಳುತ್ತಿದ್ದ ಕಥೆಯನ್ನೇ ನನಗೆ ಮತ್ತೆ ಕಳಿಸಿದ್ದೀರಿ.

ಅಂದಿನಿಂದ ನನಗೆ ನಿದ್ದೆ ಸರಿ ಇಲ್ಲ. ಸೊಹಾರಿನಲ್ಲಿ ಯಾವಳಾದರೂ ಇದ್ದಾಳೆಯೇ ಎಂದು ನಿಮ್ಮ ಷರಟುಗಳನ್ನೆಲ್ಲ ಮೂಸಿ ನೋಡಿದೆ, ನಗಬೇಡಿ. ಮೊನ್ನೆ ಮಮ್ಮದ್ ಒಣಮೀನಿನ ಕಟ್ಟು ತಂದ. “ಅಕ್ಕಾ, ಸೇಸಪ್ಪಣ್ಣ ಸೊಹಾರಿಂದ ಕಳ್ಸಿದ್ದು ಇದು” ಎಂದವನು ನನ್ನ ಮುಖ ನೋಡಲಿಲ್ಲ. ಮಲ್ಪೆಯ ಮೀನುಗಾರರ ಮಗಳಿಗೆ ಮೀನಿನಲ್ಲಿ ಸುಳ್ಳು ಹೇಳುತ್ತಾರೆಯೇ? ಇಲ್ಲಿನವರು ಮೀನು ಸೀಳುವ ರೀತಿಯೇ ಬೇರೆ. ಅದು ನಮ್ಮೂರ ಹೆಂಗಸರ ಕೈ ಸೀಳಿದ ಬಂಗುಡೆ. ನಾವು ಅದನ್ನು ಯಾವಾಗಲೂ ತರುವುದು ಇಲ್ಲೇ ಪಕ್ಕದ ರೂವಿಯ ಕುಂಞಾಲಿಯವರ ಅಂಗಡಿಯಿಂದ.

ಇರಲಿ. ಎಚ್ಚರಿಕೆಯಿಂದ ತುಳಿಯಿರಿ, ಲಾರಿಗಳಿಗೆ ದಾರಿ ಬಿಡಿ. ಕಟೀಲಿನ ಅಮ್ಮ ನಿಮ್ಮ ಬೆನ್ನ ಹಿಂದೆಯೇ ಇರಲಿ.

ಇಂತು ನಿಮ್ಮ
ಮೋಹಿನಿ

ತಾ.ಕ.: ಈ ಕಾಗದಕ್ಕೆ ಸ್ಟಾಂಪು ಹಚ್ಚಿಲ್ಲ. ಬೆಳಿಗ್ಗೆ ನಾನು ರೂವಿಗೆ ಹೋಗಿದ್ದೆ. ಕುಂಞಾಲಿಯವರ ಅಂಗಡಿಯ ಹಿಂದೆ ಕೆಂಪು ನೂಲಿನ ಸೈಕಲ್ ನಿಂತಿತ್ತು. ಒಳಗೆ ನೀವು ಅಕ್ಕಿಮೂಟೆ ಹೊರುತ್ತಿದ್ದಿರಿ. ಕರೆಯದೆ ಬಾಗಿಲಿಂದಲೇ ಹಿಂದೆ ಸರಿದೆ, ಅಳು ಬಂತು. ಅಲ್ಲಿಂದ ನಿಮ್ಮ ಆಫೀಸಿಗೂ ಹೋದೆ. ಬೀಗ ಹಾಕಿತ್ತು. ಕಾವಲುಗಾರ “ಖಲಾಸ್, ಸಬ್ ಖಲಾಸ್” ಎಂದು ಕೈ ಕೊಡವಿದ. ಕೆಲಸ ಹೋದರೆ ಹೋಗಲಿ, ಪೆಟ್ಟಿಗೆಯನ್ನು ಇಬ್ಬರೂ ಸೇರಿ ಕಟ್ಟೋಣ. ನನಗೆ ಹೇಳದೆ ಒಬ್ಬರೇ ಹೊತ್ತಿರಲ್ಲ, ಸಿಟ್ಟು ಅದಕ್ಕೆ. ಈ ಕಾಗದವನ್ನು ನಾನೇ ಬಂದು ನಿಮ್ಮ ಸೈಕಲ್ ಕ್ಯಾರಿಯರಿಗೆ ಸಿಕ್ಕಿಸಿ ಹೋಗುತ್ತೇನೆ. ಬಂಗುಡೆ ಹುರಿದಿಟ್ಟಿದ್ದೇನೆ. ರೂವಿಯಿಂದ ಹಮ್ರಿಯಾಕ್ಕೆ ಬರುವ ದಾರಿಯಲ್ಲಿ ಕಡಲು ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಇವತ್ತು ಊಟಕ್ಕೆ ಮನೆಗೆ ಬನ್ನಿ.