ಅಕ್ಕಂಗೊಂದು ಮಾತು

ರೀ,

ಸೊಪ್ಪಿನ ಸಾರು ಒಲೆ ಮೇಲದೆ, ಬಿಸಿ ಮಾಡ್ಕಂಡು ಉಣ್ಣಿ. ಮುದ್ದೆ ಮಾಡಕ್ಕೆ ಮನಸ್ಸು ಬರ್ಲಿಲ್ಲ, ಅನ್ನ ಅದೆ.

ಮದುವೆಯಾದಾಗಿಂದ ನಾನು ಬಾಯಿಬಿಟ್ಟು ಕೇಳಿದ್ದು ಇದೊಂದೇ. ಕೊಚ್ಚಿಯ ಹಳೇ ಬಂದರಲ್ಲಿ ಎರಡು ದಿನ ನಾವಿಬ್ರೇ ಹಡಗು ನೋಡ್ಕಂಡು ಸುಮ್ನೆ ಕೂತಿರಾನ ಅಂತ. ನೀವೂ ಹೂಂ ಅಂದ್ರಿ. ಅಂದವರು, ಯಲಿಯೂರಿನ ನಿಮ್ಮಕ್ಕಂಗೆ ಒಂದು ಮಾತು ಹೇಳ್ದೆ ಹೊರಟ್ರೆ ಚೆನ್ನಾಗಿರಲ್ಲ ಅಂತ ಫೋನ್ ಮಾಡಿದ್ರಿ. ಅಕ್ಕ ನಾನೂ ಬತ್ತೀನಿ ಅಂದ್ರು. ಅಕ್ಕ ಬಂದ್ಮೇಲೆ ಚಿಕ್ಕಪ್ಪನ ಮನೆಯೋರ್ನ ಬುಡಕ್ಕಾಯ್ತದಾ? ಈಗ ಟೆಂಪೋ ಗೊತ್ತು ಮಾಡಿದೀರಿ. ದಾರಿಗೆ ಅಂತ ರಾಗಿನೂ ಬೀಸಿಸಾಯ್ತು.

ಬೆಳಿಗ್ಗೆ ಅಕ್ಕನೇ ಫೋನ್ ಮಾಡಿದ್ರು. "ಬಂದರಲ್ಲಿ ಏನದೆ ವನಜಾ, ಬರೀ ನೀರು ತಾನೆ? ಅದ್ನ ಬುಟ್ಟು ಗುರುವಾಯೂರು ನೋಡ್ಕಂಡು ಬರಾನ ಕಣಮ್ಮಿ" ಅಂದ್ರು. ನಿಮ್ಮನ್ನ ಕೇಳಿದ್ರೆ, "ಅಕ್ಕನ ಮಾತು ಹೆಂಗೆ ತೆಗೆದಾಕದು?" ಅಂದ್ರಿ.

ಅವರೆಲ್ಲ ಗುರುವಾಯೂರಿಗೆ ಹೋಗ್ಲಿ. ನಾನು ಸ್ಟೇಷನ್ನಿಗೆ ಹೊಂಟಿದೀನಿ. ಹಸುವಿನ ಹಾಲ್ನ ಪಕ್ಕದ್ಮನೆ ಮಾಯಮ್ಮ ಕರೀತಾರೆ. ಟಿಕೆಟ್ ಎರಡು ಮಾಡ್ಸಿದೀನಿ, ನಿಮ್ಮ ಬಟ್ಟೆಗಳೂ ನನ್ನ ಬ್ಯಾಗಲ್ಲೇ ಅವೆ.

ಸಂಜೆ ರೈಲಿಗೆ ಬನ್ನಿ. ಅಕ್ಕಂಗೆ ಒಂದು ಮಾತೂ ಹೇಳ್ದೆ ಬನ್ನಿ.