ಸಂತೆ ಬೀದಿಯ ಫೋಟೋ

ಸೆಪ್ಟೆಂಬರ್ 24, ಮಂಗಳವಾರ

ಆ ಹಿರಿಯರ ಕೈ ಕಣ್ಣ ಮುಂದಿನಿಂದ ಹೋಗುತ್ತಲೇ ಇಲ್ಲ.

ಮಧ್ಯಾಹ್ನ ಹಡಗಿನ ಪ್ರವಾಸಿಗಳು ನಮ್ಮ ಮ್ಯೂಸಿಯಂ ನೋಡಿ ಹೋದರು. ಅಣೆಕಟ್ಟು ಕಟ್ಟಿದಾಗ ವೋಲ್ಗಾ ನದಿಯಲ್ಲಿ ಮುಳುಗಿದ ಊರಿನ ಫೋಟೋಗಳಿರುವ ಕೋಣೆ ನನ್ನ ಕಾವಲಿನದು. ಉಳಿದವರು ಮುಂದೆ ಹೋದರೂ ಅಲ್ಲಿ ಆ ಹಿರಿಯರೊಬ್ಬರೇ ಉಳಿದರು. ಆ ಊರಿನ ಸಂತೆ ಬೀದಿಯ ಫೋಟೋದ ಮುಂದೆ ಬಹಳ ಹೊತ್ತು ನಿಂತು, ಗಾಜಿನ ಮೇಲೆ ಬೆರಳಿಟ್ಟರು.

“ಮುಟ್ಟಬೇಡಿ ಯಜಮಾನ್ರೇ! ಬರೆದಿರೋದು ಕಾಣ್ಸಲ್ವಾ?” ಎಂದು ಗದರಿದೆ.

ಬಿಸಿ ತಾಗಿದಂತೆ ಕೈ ಹಿಂದಕ್ಕೆಳೆದುಕೊಂಡರು. “ತಪ್ಪಾಯ್ತಮ್ಮ. ಬಾಗಿಲಲ್ಲಿ ಬಕೆಟ್ ಹಿಡ್ಕೊಂಡು ನಿಂತಿರೋಳು ನಮ್ಮವ್ವ. ನಂಗೆ ಐದು ವರ್ಷ ಇದ್ದಾಗ್ಲೇ ಹೋಗ್ಬಿಟ್ಲು. ಮುಖಾನೇ ಮರ್ತೋಗಿತ್ತು.”

ಅವರು ತಲೆಬಾಗಿ ಹೊರಟುಹೋದರು.

ಸಂಜೆ ಚಹಾ ಕುಡಿಯುವಾಗ ಇದನ್ನು ಹೇಳಿದೆ. ನಿರ್ದೇಶಕಿ ಕ್ಲಾವ್ದಿಯಾ ಎವ್ಸೇಯೆವ್ನಾ ಲೋಟ ಕೆಳಗಿಟ್ಟರು. “ಅಯ್ಯೋ ಝೀನಾ, ಅದರ ಇನ್ನೊಂದು ಪ್ರತಿ ನನ್ನ ಬೀರುವಲ್ಲೇ ಇತ್ತಲ್ಲೇ! ಕೊಟ್ಟು ಕಳಿಸಬಹುದಿತ್ತು.”

ಕೋಟೂ ಹಾಕದೆ ಹಡಗುಕಟ್ಟೆಗೆ ಓಡಿದೆ. ಹಡಗು ಹೊರಟು ಒಂದು ಗಂಟೆಯಾಗಿತ್ತಂತೆ.

ಪ್ರತಿ ಈಗ ನನ್ನ ಮೇಜಿನ ಮೇಲಿದೆ. ಲಕೋಟೆಯ ಮೇಲೆ ಏನೆಂದು ಬರೆಯಲಿ? ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ‘ಕೂತ್ಕೊಳ್ಳಿ, ಸಮಾಧಾನವಾಗಿ ನೋಡಿ’ ಎಂದು ನನ್ನ ಕುರ್ಚಿಯನ್ನಾದರೂ ಅವರತ್ತ ಸರಿಸಬಹುದಿತ್ತು. ಅಷ್ಟನ್ನೂ ಮಾಡಲಿಲ್ಲ.