ತಿರುಗು ಪೆಟ್ಟಿಗೆ

ವರ್ಕ್‌ಶಾಪಿನಿಂದ
ಭಾನುವಾರ, ಹದಿನಾಲ್ಕನೇ ತಾರೀಖು, ಮಧ್ಯಾಹ್ನ

ಮುದ್ದಿನ ತಂಗಿಗೆ,

ಅಣ್ಣನ ಆಶೀರ್ವಾದಗಳು. ನಾನೂ ನಿನ್ನ ಅತ್ತಿಗೆಯೂ ಗಟ್ಟಿಯಾಗಿದ್ದೇವೆ. ನೀನು ಹೇಗಿದ್ದೀಯ ಎಂದು ಕೇಳಲು ನನಗೆ ಮುಖವಿಲ್ಲ. ನೀನು ಎರಡು ಕಾಗದ ಬರೆದೆ, ಐದಾರು ಸಲ ಫೋನ್ ಮಾಡಿದೆ, ನಾನು ಒಂದಕ್ಕೂ ಉತ್ತರ ಕೊಡಲಿಲ್ಲ. ಜ್ವರ ಅಂತ ಅತ್ತಿಗೆಯ ಕೈಲಿ ಹೇಳಿಸಿದೆ. ಜ್ವರವೂ ಇಲ್ಲ, ಮಣ್ಣೂ ಇಲ್ಲ. ಆ ಸುಳ್ಳು ಹೇಳುವಾಗ ಅವಳು ನನ್ನನ್ನು ನೋಡಿದ ರೀತಿ ನೀನು ನೋಡಬೇಕಿತ್ತು. ಫೋನ್ ಇಟ್ಟ ಮೇಲೆ, “ಇನ್ನೊಂದು ಸಲ ನನ್ನ ಕೈಲಿ ಹೇಳಿಸಿದ್ರೆ ನಿಜವಾಗ್ಲೂ ಜ್ವರ ಬರ್ಸ್ತೀನಿ ನಿಮಗೆ” ಅಂದಳು. ಅದಕ್ಕೇ ಈ ಕಾಗದ. ಬಾಯಲ್ಲಿ ಹೇಳುವ ಧೈರ್ಯವಿದ್ದಿದ್ದರೆ ಯಾವತ್ತೋ ಹೇಳಿರುತ್ತಿದ್ದೆ.

ಮೊದಲು ನಿನಗೆ ಬೇಕಾದ ಸುದ್ದಿ. ಜೈಲಿನ ಒಂಟಿಕೋಣೆಯ ಮಾದರಿ ಮುಗಿದಿದೆ. ಎಂಟಡಿ ಉದ್ದ, ಆರಡಿ ಅಗಲ, ನಿಮ್ಮ ವಕೀಲಮ್ಮ ಬರೆದುಕೊಟ್ಟ ಅಳತೆಯೇ. ನಾಲ್ಕು ಗೋಡೆಯನ್ನೂ ಬಿಚ್ಚಿ ಜೋಡಿಸುವ ಹಾಗೆ ಮಾಡಿದ್ದೇನೆ, ಬೋಲ್ಟುಗಳಿಗೆ ನಂಬರ್ ಹಾಕಿದ್ದೇನೆ, ಗಾಬರಿಯಾಗಬೇಡಿ. ನಾಳೆ ಬೆಳಿಗ್ಗೆ ಲಾರಿಗೆ ಹೇರುತ್ತಾರೆ, ಈ ಕಾಗದವೂ ಡ್ರೈವರ್ ಕೈಯಲ್ಲೇ ಬರುತ್ತದೆ. ಗುರುವಾರ ವಿಚಾರಣೆ ನಡೆಯುವ ಕಟ್ಟಡದ ಎದುರಿಗೇ ನಿಲ್ಲಿಸಿ, ಬರುವವರೆಲ್ಲ ಒಳಗೆ ಹತ್ತು ನಿಮಿಷ ಕೂತು ನೋಡಲಿ.

ನಿನ್ನ ಅತ್ತಿಗೆ ನಿನ್ನೆ ಕೂತು ನೋಡಿದಳು. ತಮಾಷೆಗೆ ಅಂತ ಒಳಗೆ ಹೋದವಳು, “ಬಾಗಿಲು ಹಾಕ್ರಿ, ನಿಮ್ಮ ಗೊರಕೆ ಇಲ್ದೇ ಒಂದ್ ಹತ್ತು ನಿಮಿಷ ಇರ್ತೀನಿ” ಅಂದಳು. ಹತ್ತು ನಿಮಿಷವಾದ ಮೇಲೆ ತೆಗೆದೆ. ನೇರ ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದುಕೊಂಡಳು. ಆಮೇಲೆ, “ನಮ್ಮ ಗುಬ್ಬಿ ಇದ್ರಲ್ಲಿ ಏಳು ವರ್ಷ ಹೆಂಗಿದಾನ್ರೀ?” ಎಂದು ಕೇಳಿದಳು. ನಿನ್ನ ಮಗನನ್ನು ಅವಳು ಎತ್ತಿ ಆಡಿಸಿದವಳು, ಆ ಹೆಸರಿಟ್ಟವಳೂ ಅವಳೇ. ಜೈಲಿನಲ್ಲಿ ಕಾವಲಿನವನನ್ನು ತಳ್ಳಿದ ಅಂತ ಅವನನ್ನು ಮೂರು ತಿಂಗಳಿಗೆ ಒಂಟಿಕೋಣೆಗೆ ಹಾಕಿದಾಗ ನಾನೇ ಏನಂದಿದ್ದೆ, ನೆನಪಿದೆಯಾ? “ಹೋಗ್ಲಿ ಬಿಡು, ಮೂರು ತಿಂಗಳು ಕಣ್ಣು ಮುಚ್ಚಿ ಬಿಡೋದ್ರೊಳಗೆ ಆಗೋಗುತ್ತೆ, ಸ್ವಲ್ಪ ಬುದ್ಧಿನೂ ಬರುತ್ತೆ” ಅಂದಿದ್ದೆ. ಮೂರು ತಿಂಗಳಿಗೆ ಇನ್ನು ಮೂರು ಅಂದರು, ಆಮೇಲೆ ಕಾರಣ ಹೇಳುವುದನ್ನೂ ಬಿಟ್ಟರು, ಭೇಟಿಯನ್ನೂ ನಿಲ್ಲಿಸಿದರು. ಈಗ ನಿನಗೆ ತಿಂಗಳಿಗೊಂದು ಕಾಗದ ಬಿಟ್ಟರೆ ಅವನ ಸುಳಿವಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಸುತ್ತಿ ಬಳಸುವುದು ಸಾಕು.

ಹೋದ ವಾರ ನೀನು ಆ ಹೊಲಿಗೆಯವರನ್ನು ಕಳಿಸಿದ್ದೆಯಲ್ಲ, ಕೋಣೆ ಸರಿಯಾಗಿ ಬಂದಿದೆಯೇ ನೋಡಲಿ ಎಂದು? ಅದೇ ಜೈಲಿನಲ್ಲಿ ನಾಲ್ಕು ವರ್ಷ ಒಂಟಿಕೋಣೆಯಲ್ಲಿದ್ದು ಬಂದವರು. ಸಣ್ಣ ಮನುಷ್ಯ, ಮೆಲ್ಲಗೆ ಮಾತು. ಕಿಟಕಿ ಒಂದು ಗೇಣು ಮೇಲೆ ಹೋಗಬೇಕು, ದೀಪ ಆರಬಾರದು, ಮಲಗುವ ಹಾಸುಗಲ್ಲು ಇನ್ನೂ ಗಿಡ್ಡ ಎಂದು ಒಂದೊಂದೇ ಹೇಳಿದರು, ನಾನು ಬರೆದುಕೊಂಡೆ. ಕೊನೆಗೆ ಬಾಗಿಲಿನ ಪೆಟ್ಟಿಗೆಯ ಹತ್ತಿರ ಬಂದರು. ಹೊರಗಿನಿಂದ ತಟ್ಟೆ ಇಟ್ಟು ಹಿಡಿ ತಿರುಗಿಸಿದರೆ ತಟ್ಟೆ ಒಳಗೆ ಹೋಗುವ ಆ ತಿರುಗು ಪೆಟ್ಟಿಗೆ. ಗುಬ್ಬಿಯ ಕಾಗದ ನೋಡಿ, ಹೀಗೊಂದು ಮಾಡು ಅಣ್ಣ ಎಂದು ನೀನು ಬಾಯಲ್ಲಿ ಹೇಳಿದ್ದೆ. ಅಳತೆ ಯಾರೂ ಕೊಟ್ಟಿರಲಿಲ್ಲ.

ಅವರು ಒಳಗೆ ಕೈ ಹಾಕಿ, ತಳದ ಅಂಚನ್ನು ಬೆರಳಿನಿಂದ ಸವರಿದರು. ಒಮ್ಮೆ ಅತ್ತ, ಒಮ್ಮೆ ಇತ್ತ. ಆಮೇಲೆ ಕೈ ತೆಗೆದು ನನ್ನ ಮುಖ ನೋಡಿದರು.

“ಈ ತುಟಿ ಮಾಡೋಕೆ ಯಾರು ಹೇಳಿದ್ರು ನಿಮಗೆ?” ಎಂದು ಕೇಳಿದರು.

ಚಹಾದ ಲೋಟ ಜಾರಿ ಬೀಳದಿರಲಿ ಎಂದು ತಳದ ಅಂಚನ್ನು ಕಡ್ಡಿಯಷ್ಟು ಮೇಲಕ್ಕೆ ಮಡಿಚಿದ್ದೆ. ಮಡಿಚುವಾಗ ನನಗೆ ಎಚ್ಚರವೇ ಇರಲಿಲ್ಲ. ಕೈ ತನ್ನಷ್ಟಕ್ಕೆ ಮಾಡಿಬಿಟ್ಟಿತ್ತು.

“ಇದನ್ನ ನಾನು ಯಾರಿಗೂ ಹೇಳಿಲ್ಲ” ಅಂದರು ಹೊಲಿಗೆಯವರು. “ಹೇಳೋವಂಥ ವಿಷಯನೂ ಅಲ್ಲ. ನಾಲ್ಕು ವರ್ಷ ಇದನ್ನ ಸವರ್ತಾ ಕೂತಿದ್ದೆ ಅಷ್ಟೆ. ಮೇಸ್ತ್ರಿಗಳೇ, ಇದು ನಿಮ್ಮ ಕೈಕೆಲಸನಾ?”

ಹೌದು ಕಣೇ. ನನ್ನ ಕೈಕೆಲಸವೇ. ಆ ಜೈಲಿನ ನಲವತ್ತೆರಡು ಬಾಗಿಲಿಗೆ ಆ ಪೆಟ್ಟಿಗೆ ಮಾಡಿ ಕೂರಿಸಿದವನು ನಾನು, ನಿನ್ನ ಒಡಹುಟ್ಟಿದವನು.

ಇದನ್ನು ಓದಿ ನೀನು ಕಾಗದ ಹರಿಯದಿದ್ದರೆ ಮುಂದಿನದನ್ನೂ ಓದು. ಐದು ವರ್ಷದ ಹಿಂದಿನ ಮಾತು. ಜೈಲಿನ ಎಂಜಿನಿಯರ್ ವರ್ಕ್‌ಶಾಪಿಗೆ ಬಂದಿದ್ದ. ಆಗ ಬಾಗಿಲಲ್ಲಿ ಬರೀ ಒಂದು ಕಿಂಡಿ, ಅದಕ್ಕೊಂದು ಮುಚ್ಚಳ. ಊಟ ಕೊಡುವಾಗ ಯಾರೋ ಒಬ್ಬ ಕಾವಲಿನವನ ಮಣಿಕಟ್ಟು ಹಿಡಿದು ತಿರುಚಿದ್ದನಂತೆ. ಮುಚ್ಚಳವನ್ನು ಗಟ್ಟಿ ಮಾಡಿ, ಬೀಗ ಇಟ್ಟುಕೊಡಿ ಎಂದು ಕೇಳಲು ಬಂದವನು ಅವನು. ಅಷ್ಟೇ ಕೇಳಿದ್ದು. ಪೆಟ್ಟಿಗೆ ಅವನ ತಲೆಗೆ ಹೊಳೆದದ್ದಲ್ಲ, ನನ್ನ ತಲೆಗೆ. “ಮುಚ್ಚಳ ಯಾಕೆ ಸ್ವಾಮಿ, ತಿರುಗೋ ಹಾಗೆ ಮಾಡ್ತೀನಿ ನೋಡಿ, ಅವನ ಕೈ ಇವನಿಗೆ ಸಿಗಲ್ಲ, ಇವನ ಕೈ ಅವನಿಗೆ ಸಿಗಲ್ಲ” ಎಂದು ಅಲ್ಲೇ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದೆ. ಎಂಜಿನಿಯರ್ ಬೆನ್ನು ತಟ್ಟಿದ. ನಾನು ಉಬ್ಬಿಹೋದೆ.

ಅಯ್ಯೋ, ಆ ಪೆಟ್ಟಿಗೆಯ ಮೇಲೆ ನನಗೆ ಎಷ್ಟು ಪ್ರೀತಿ ಇತ್ತು ಗೊತ್ತಾ! ಒಂದು ಬೆರಳಲ್ಲಿ ತಿರುಗಬೇಕು ಎಂದು ಒಳ್ಳೆ ಬೇರಿಂಗ್ ಹಾಕಿದೆ. ಕಿರುಗುಟ್ಟಬಾರದು ಎಂದು ಮೂರು ಸಲ ಬಿಚ್ಚಿ ಕಟ್ಟಿದೆ. ಗುಬ್ಬಿ ಆ ಜೈಲಿನಲ್ಲೇ ಇದ್ದಾನೆ ಎಂದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಜಗಳಕ್ಕೆ ಆಸ್ಪದ ಇಲ್ಲದಿದ್ದರೆ ನಮ್ಮ ಹುಡುಗನಿಗೇ ಒಳ್ಳೆಯದು, ಇನ್ನೊಬ್ಬನನ್ನು ತಳ್ಳುವ ಪ್ರಮೇಯವೇ ಬರುವುದಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆ ಕಿಂಡಿಯಲ್ಲಿ ದಿನಕ್ಕೆ ಮೂರು ಸಲ ಇನ್ನೊಬ್ಬ ಮನುಷ್ಯನ ಕೈ ಕಾಣುತ್ತಿತ್ತು, ಅದನ್ನೂ ನಾನು ಕಿತ್ತುಕೊಳ್ಳುತ್ತಿದ್ದೇನೆ ಎಂಬುದು ನನ್ನ ಮಂಡೆಗೆ ಹೋಗಲೇ ಇಲ್ಲ.

ಅದು ತಲೆಗೆ ಹೋದದ್ದು ನಿನ್ನ ಮೊದಲ ಸಭೆಯಲ್ಲಿ. ನೀನು ಗುಬ್ಬಿಯ ಕಾಗದ ಓದಿದೆ: “ಅಮ್ಮಾ, ಮೊದಲು ಊಟ ಕೊಡುವಾಗ ಒಂದು ಕೈ ಕಾಣ್ತಿತ್ತು. ಹೆಬ್ಬೆರಳಲ್ಲಿ ಸುಟ್ಟ ಕಲೆ ಇತ್ತು. ಅದನ್ನ ನೋಡೋಕೇ ಕಾಯ್ತಿದ್ದೆ. ಈಗ ತಟ್ಟೆ ತಾನಾಗೇ ಬರುತ್ತೆ.” ಕಾಗದ ಮಡಿಚಿ ನೀನು, “ಇಂಥದ್ದನ್ನ ಮಾಡ್ಕೊಟ್ಟ ಪಾಪಿ ಯಾರೋ, ಅವನ ಕೈ ಸೇದಿಹೋಗ” ಎಂದು ಶಾಪ ಹಾಕಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಆಮೇಲೆ ನಿನಗೆ ನೀರು ತಂದುಕೊಟ್ಟೆ, ನೀನು “ನೀನೊಬ್ಬ ಇರೋದಕ್ಕೆ ನಾನು ನಿಂತಿದೀನಿ ಅಣ್ಣಾ” ಅಂದೆ.

ಅಲ್ಲಿಂದ ಇಲ್ಲಿಯತನಕ ನಿನ್ನ ಫಲಕಗಳಿಗೆಲ್ಲ ಚೌಕಟ್ಟು ಹೊಡೆದುಕೊಟ್ಟೆ, ವೇದಿಕೆ ಕಟ್ಟಿಕೊಟ್ಟೆ, ಮೆರವಣಿಗೆಯಲ್ಲಿ ಎಲ್ಲರಿಗಿಂತ ಮುಂದೆ ನಡೆದೆ. ನಿನ್ನ ಅಣ್ಣ ದೇವರಂಥವನು ಎಂದು ನಿನ್ನ ಗೆಳತಿಯರು ಹೊಗಳುವಾಗ ಭೂಮಿ ಬಾಯಿಬಿಡಬಾರದೇ ಅನ್ನಿಸುತ್ತಿತ್ತು. ಆದರೂ ಬಾಯಿಬಿಡಲಿಲ್ಲ, ಭೂಮಿಯೂ, ನಾನೂ.

ಹೊಲಿಗೆಯವರು ಅವತ್ತು ಬೈಯಲೇ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾನು ಕೊಟ್ಟ ಚಹಾ ಕುಡಿದು, “ಕೆಲಸ ಮಾತ್ರ ಅಚ್ಚುಕಟ್ಟು. ನಾಲ್ಕು ವರ್ಷದಲ್ಲಿ ಒಂದು ತೊಟ್ಟು ಚೆಲ್ಲಲಿಲ್ಲ” ಎಂದು ನಕ್ಕರು. ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ, “ನಿಮ್ಮ ತಂಗಿಗೆ ನಾನು ಹೇಳಲ್ಲ. ನೀವೇ ಹೇಳ್ಬೇಕು. ಗುರುವಾರದೊಳಗೆ” ಅಂದರು.

ಗುರುವಾರ ಯಾಕೆ ಎಂದು ನಿನಗೆ ನಾನು ಹೇಳಬೇಕೇ? ಜೈಲಿನವರು ವಿಚಾರಣೆಯಲ್ಲಿ ಹಿಡಿದಿರುವ ಹಟವೇ ಅದಲ್ಲವೇ: ಇದು ಏಕಾಂತವಾಸವೇ ಅಲ್ಲ, ಪ್ರತ್ಯೇಕ ವ್ಯವಸ್ಥೆ ಅಷ್ಟೆ, ದಿನಕ್ಕೆ ಮೂರು ಹೊತ್ತು ಊಟ ಕೊಡುವಾಗ ಸಿಬ್ಬಂದಿ ಕೈದಿಗಳ ಮುಖ ನೋಡಿ ಮಾತಾಡಿಸುತ್ತಾರೆ ಎಂದು. ಕೈದಿಗಳ ಕಾಗದ ತೋರಿಸಿದರೆ, ಕೈದಿಗಳು ಹೇಳುವುದೇ ಹಾಗೆ ಎಂದು ತಳ್ಳಿಹಾಕುತ್ತಾರೆ. ಅದನ್ನು ಸುಳ್ಳು ಎಂದು ತೋರಿಸುವ ಹಾಳೆ ನನ್ನ ಮೇಜಿನ ಖಾನೆಯಲ್ಲಿ ಐದು ವರ್ಷದಿಂದ ಕೂತಿದೆ. ಎಂಜಿನಿಯರ್ ಸಹಿ, ಜೈಲಿನ ಮೊಹರು, ನನ್ನ ನಕ್ಷೆ. ನಕ್ಷೆಯ ಕೆಳಗೆ ಅವರೇ ಬರೆಸಿದ ಸಾಲು: “ತಟ್ಟೆ ಸಾಗುವಾಗ ಸಿಬ್ಬಂದಿಗೂ ಕೈದಿಗೂ ಪರಸ್ಪರ ಮುಖವಾಗಲಿ ಕೈಯಾಗಲಿ ಕಾಣತಕ್ಕದ್ದಲ್ಲ, ದನಿ ಕೇಳತಕ್ಕದ್ದಲ್ಲ.” ದನಿ ಕೇಳಬಾರದು ಎಂದು ಒಳಗೆ ರಬ್ಬರ್ ಪಟ್ಟಿ ಹಚ್ಚಿದವನೂ ನಾನೇ.

ಆ ಹಾಳೆಯನ್ನು ಇದರ ಜೊತೆ ಇಟ್ಟಿದ್ದೇನೆ. ವಕೀಲಮ್ಮನಿಗೆ ಕೊಡು. ಬುಧವಾರದ ಬಸ್ಸಿಗೆ ನಾನೂ ಹೊರಡುತ್ತೇನೆ. ಗುರುವಾರ ಎಲ್ಲರ ಎದುರು ನಿಂತು, ಇದನ್ನು ಮಾಡಿದವನು ನಾನು, ಮಾಡಿದ್ದು ಹೀಗೆ, ಇದರಲ್ಲಿ ಯಾರ ಮುಖವೂ ಯಾರಿಗೂ ಕಾಣುವುದಿಲ್ಲ ಎಂದು ಹೇಳುತ್ತೇನೆ. ಮಾದರಿಯ ಪೆಟ್ಟಿಗೆ ಬಿಚ್ಚಿ ತೋರಿಸುತ್ತೇನೆ. ನೀನು ಬರಬೇಡ ಎಂದರೂ ಬರುತ್ತೇನೆ. ಮಾತಾಡಿಸಬೇಕು ಎಂದು ಕೇಳುತ್ತಿಲ್ಲ. ಉಳಿದುಕೊಳ್ಳಲು ಬೇರೆ ಕಡೆ ನೋಡಿಕೊಂಡಿದ್ದೇನೆ.

ಅತ್ತಿಗೆಗೆ ಇವತ್ತು ಬೆಳಿಗ್ಗೆ ಹೇಳಿದೆ. ಅವಳು ಅನ್ನಕ್ಕಿಟ್ಟ ನೀರನ್ನು ಒಲೆಯಿಂದ ಇಳಿಸಿದಳು. ಆಮೇಲೆ, “ಬರೆದು ಮುಗಿಸ್ರಿ. ಮುಗಿಸೋವರೆಗೂ ಮನೆ ಒಳಗೆ ಬರ್ಬೇಡಿ” ಎಂದು ಪೆನ್ನು ಕೈಗೆ ಕೊಟ್ಟು ಇಲ್ಲಿಗೆ ಕಳಿಸಿದಳು. ಊಟ ಮಾತ್ರ ತಂದಿಟ್ಟು ಹೋಗಿದ್ದಾಳೆ.

ಹೊತ್ತುಹೊತ್ತಿಗೆ ಊಟ ಮಾಡು. ಸಭೆ ಸಭೆ ಎಂದು ಗಂಟಲು ಹರಿದುಕೊಳ್ಳಬೇಡ. ಗುರುವಾರ ನೀನು ಗೆಲ್ಲಬೇಕು. ಗುಬ್ಬಿ ಬಿಸಿಲಿಗೆ ಬರಬೇಕು, ನಾಲ್ಕು ಜನರ ಜೊತೆ ಕೂತು ಉಣ್ಣಬೇಕು. ನೂರು ವರ್ಷ ಬಾಳಿ ಇಬ್ಬರೂ. ನನ್ನ ಆಶೀರ್ವಾದಕ್ಕೆ ಇನ್ನೂ ಬೆಲೆಯಿದ್ದರೆ ಅದಿಷ್ಟೂ ನಿಮಗೆ.

ಇಂತಿ,
ನಿನ್ನ ಅಣ್ಣ

ಮರೆತ ಮಾತು ಎಂದು ಬರೆಯಲು ಹೊರಟಿದ್ದೆ. ಮರೆತದ್ದಲ್ಲ, ಮೇಲೆ ಬರೆಯಲು ಆಗಲಿಲ್ಲ. ಲಕೋಟೆ ಅಂಟಿಸಿ ಮತ್ತೆ ಹರಿದಿದ್ದೇನೆ.

ಪೆಟ್ಟಿಗೆ ಕೂರಿಸಲು ಮೂರು ದಿನ ಜೈಲಿನೊಳಗೆ ಹೋಗಿದ್ದೆ. ಕೈದಿಗಳೆಲ್ಲ ಹಿಂದಿನ ಗೋಡೆಗೆ ಮುಖಮಾಡಿ ನಿಲ್ಲಬೇಕು, ಕೆಲಸದವರು ತುಟಿ ಬಿಚ್ಚಕೂಡದು ಎಂದು ಅಪ್ಪಣೆ. ಒಬ್ಬ ಕಾವಲಿನವನು ಪಕ್ಕದಲ್ಲೇ ಇದ್ದ. ಎರಡನೇ ದಿನ ಒಂದು ಬಾಗಿಲಲ್ಲಿ ಹಳೇ ಬೋಲ್ಟು ತುಕ್ಕು ಹಿಡಿದು ಬರಲೇ ಇಲ್ಲ. ಸಾಮಾನಿನ ಜೊತೆ ಮಾತಾಡುವ ನನ್ನ ಚಾಳಿ ನಿನಗೆ ಗೊತ್ತಲ್ಲ, ಬಾಯಿ ತಡೆಯಲಿಲ್ಲ. “ಬಾರಪ್ಪಾ ನನ್ ರಾಜಾ, ಹಟ ಮಾಡ್ಬೇಡ” ಎಂದುಬಿಟ್ಟೆ.

ಒಳಗಿನಿಂದ, “ಮಾವಾ?” ಎಂದು ಕೇಳಿಸಿತು.

ನನ್ನ ಕೈ ನಿಂತುಹೋಯಿತು. “ಮಾವಾ, ನೀನಾ?” ಎಂದ ಮತ್ತೆ. ಕಾವಲಿನವನು ನನ್ನ ಮುಖ ನೋಡುತ್ತಿದ್ದ. ಹೂಂ ಅನ್ನಬಹುದಿತ್ತು ಕಣೇ. ಒಂದು ಹೂಂ. ಹೆಚ್ಚೆಂದರೆ ಕೆಲಸ ಹೋಗುತ್ತಿತ್ತು. ನಾನು ಅನ್ನಲಿಲ್ಲ. ಪೆಟ್ಟಿಗೆ ಎತ್ತಿ ಕಿಂಡಿಗೆ ಕೂರಿಸಿ ನಾಲ್ಕು ಬೋಲ್ಟು ಬಿಗಿದೆ, ದನಿ ನಿಂತಿತು.

ಮುಂದಿನ ತಿಂಗಳು ಅವನ ಕಾಗದ ಹಿಡಿದುಕೊಂಡು ನೀನು ನಮ್ಮ ಅಡುಗೆಮನೆಗೆ ಓಡಿಬಂದೆ. “ಅಮ್ಮಾ, ನನ್ನ ತಲೆ ಕೆಡ್ತಿದೆ. ಮಾವ ಬಾಗಿಲ ಆಚೆ ಬೋಲ್ಟಿನ ಜೊತೆ ಮಾತಾಡಿದ ಹಾಗೆ ಕೇಳಿಸ್ತು. ಕೂಗಿದೆ. ಯಾರೂ ಇರಲಿಲ್ಲ.” ನೀನು ಅಳುತ್ತಾ, “ಹುಚ್ಚು ಹಿಡೀತಿದ್ಯಾ ಅಣ್ಣಾ ಅವನಿಗೆ?” ಎಂದು ನನ್ನನ್ನೇ ಕೇಳಿದೆ. ನಾನು, “ಇದ್ರೂ ಇರಬಹುದು, ಡಾಕ್ಟರಿಗೆ ತೋರಿಸಿ ಅಂತ ಅರ್ಜಿ ಹಾಕು” ಅಂದೆ. ನೀನು ಹಾಕಿದೆ. ಅವತ್ತಿನಿಂದ ಅವನಿಗೆ ಮಾತ್ರೆ. ಯಾರ ದನಿ ಕೇಳಿದರೂ ನಂಬುವುದಿಲ್ಲ, ಹೆಸರು ಹಿಡಿದು ಕರೆದರೂ ತಿರುಗುವುದಿಲ್ಲ ಎಂದು ಅವನು ಬರೆಯುತ್ತಾನೆ ಅಂತ ನೀನೇ ಹೇಳುತ್ತೀಯ.

ತಂಗೀ, ನನ್ನನ್ನು ಏನು ಬೇಕಾದರೂ ಮಾಡು. ಆದರೆ ಈ ತಿಂಗಳ ಕಾಗದದಲ್ಲಿ ಮೊದಲು ಇದನ್ನು ಬರೆ, ನಿನ್ನ ಕೈಯಿಂದಲೇ ಬರೆ, ನನ್ನ ಕೈಬರಹ ಕಂಡರೆ ಅವನು ನಂಬದಿರಬಹುದು. ಅವನ ತಲೆ ಸರಿಯಾಗಿತ್ತು. ಅವನು ಕೇಳಿಸಿಕೊಂಡದ್ದು ನಿಜ. ಬಾಗಿಲ ಆಚೆ ಅವನ ಮಾವ ಇದ್ದ.